ಗ್ರೀಫ್, ಡಿಸ್ಟ್ರೆಸ್, ಹಾರ್ಡ್‌ಶಿಪ್: ನಮ್ಮ ‘ಸಂಕಟ’ಕ್ಕೆ ಇಂಗ್ಲಿಷಿನಲ್ಲಿ ಯಾವ ಪದ?

ಪ್ರಶ್ನೆ: ನಾನು ಮೈಸೂರಿನ ಕಡೆಯವಳು, ಆರು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ. ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡಾಗ ‘ಐ ಆ್ಯಮ್ ವೆರಿ ಸ್ಯಾಡ್ ಅಬೌಟ್ ಯುವರ್ ಹಾರ್ಡ್‌ಶಿಪ್’ ಎಂದು ಬರೆದೆ. ಅವರು ಧನ್ಯವಾದ ಹೇಳಿದರೂ ವಾಕ್ಯದಲ್ಲಿ ಏನೋ ಎಡವಟ್ಟಾಗಿದೆ ಎಂಬುದು ಅವರ ಮುಖದಿಂದಲೇ ತಿಳಿಯಿತು. ಕಳೆದ ತಿಂಗಳು ಊರಿನಿಂದ ಬಂದಿದ್ದ ಅತ್ತೆಯವರನ್ನು ವೈದ್ಯರಲ್ಲಿಗೆ ಕರೆದೊಯ್ದೆ. ಅವರು ‘ರಾತ್ರಿಯಿಂದ ಒಂದೇ ಸಮನೆ ಸಂಕಟ ಆಗ್ತಿದೆ’ ಎಂದದ್ದನ್ನು ನಾನು ‘ಶಿ ಈಸ್ ಇನ್ ಡಿಸ್ಟ್ರೆಸ್’ ಎಂದು ಹೇಳಿದರೆ, ವೈದ್ಯರು ಮನೆಯಲ್ಲಿ ಎಲ್ಲವೂ ಸರಿಯಾಗಿದೆಯೇ ಎಂದು ನನ್ನನ್ನೇ ವಿಚಾರಿಸತೊಡಗಿದರು. ನಿಘಂಟಿನಲ್ಲಿ ಗ್ರೀಫ್, ಸಾರೋ, ಡಿಸ್ಟ್ರೆಸ್, ಆ್ಯಂಗ್ವಿಶ್, ಮಿಸರಿ, ಹಾರ್ಡ್‌ಶಿಪ್ ಎಲ್ಲದಕ್ಕೂ ದುಃಖ, ಸಂಕಟ, ಕಷ್ಟ ಎಂದೇ ಇದೆ. ಇವುಗಳನ್ನು ಬೇರ್ಪಡಿಸಿಕೊಳ್ಳುವುದು ಹೇಗೆ?

ಉತ್ತರ: ನೀವು ಬರೆದಿರುವ ಎರಡು ಪ್ರಸಂಗಗಳಲ್ಲಿಯೂ ನಿಘಂಟು ಸುಳ್ಳು ಹೇಳಿಲ್ಲ. ಹಾರ್ಡ್‌ಶಿಪ್ ಎಂದರೆ ಕಷ್ಟವೇ, ಡಿಸ್ಟ್ರೆಸ್ ಎಂದರೆ ಸಂಕಟವೇ. ಆದರೆ ಕನ್ನಡದ ಕಷ್ಟ, ಸಂಕಟ ಎಂಬ ಮಾತುಗಳು ಹೊರಗಿನ ಪರಿಸ್ಥಿತಿ, ಒಳಗಿನ ಅನುಭವ, ಕೆಲವೊಮ್ಮೆ ದೇಹದ ಬಾಧೆ, ಈ ಮೂರನ್ನೂ ಒಂದೇ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತವೆ; ಇಂಗ್ಲಿಷಾದರೋ ಅವುಗಳನ್ನು ಬೇರೆ ಬೇರೆ ಗಂಟು ಕಟ್ಟಿ ಇಟ್ಟಿದೆ. ಮೂವತ್ತು ವರ್ಷ ಭಾಷಾಂತರದ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿರುವುದೆಂದರೆ, ಈ ಪದಗಳನ್ನು ತೀವ್ರತೆಯ ಮೆಟ್ಟಿಲುಗಳಂತೆ ಜೋಡಿಸಿಕೊಂಡು ಕಲಿಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸ್ಯಾಡ್‌ಗಿಂತ ಗ್ರೀಫ್ ದೊಡ್ಡದು, ಗ್ರೀಫ್‌ಗಿಂತ ಆ್ಯಗೊನಿ ದೊಡ್ಡದು ಎಂಬ ಪಾಠ ಪರೀಕ್ಷೆಯ ಮಟ್ಟಿಗೆ ಸಾಕು, ಬದುಕಿಗೆ ಸಾಲದು. ಆ ನೋವು ಎಲ್ಲಿಂದ ಬಂತು, ಎಲ್ಲಿ ಕೂತಿದೆ ಎಂದು ಮೊದಲು ಕೇಳಿಕೊಳ್ಳಬೇಕು.

ಹಾರ್ಡ್‌ಶಿಪ್ ಮನಸ್ಸಿನೊಳಗೆ ಇರುವ ವಸ್ತುವಲ್ಲ. ಮಳೆ ಕೈಕೊಟ್ಟದ್ದು, ಕೆಲಸ ಹೋದದ್ದು, ಬಾಡಿಗೆ ಕಟ್ಟಲಾಗದೆ ಇರುವುದು, ಎರಡು ಹೊತ್ತಿನ ಊಟಕ್ಕೆ ತತ್ವಾರವಾದದ್ದು ಹಾರ್ಡ್‌ಶಿಪ್. ಇದಕ್ಕೊಂದು ಸರಳ ಪರೀಕ್ಷೆಯಿದೆ: ‘ಆಗ ಬಹಳ ಕಷ್ಟವಿತ್ತು, ಆದರೂ ನಗುನಗುತ್ತಲೇ ಇದ್ದೆವು’ ಎಂದು ನಮ್ಮ ಅಜ್ಜಿಯರು ಹೇಳುವ ಮಾತಿನಲ್ಲಿರುವ ಕಷ್ಟವನ್ನು ಹಾರ್ಡ್‌ಶಿಪ್ ಎನ್ನಬಹುದು, ಮಿಸರಿ ಎನ್ನಲಾಗದು, ಏಕೆಂದರೆ ಮಿಸರಿಯಲ್ಲಿ ನಗುವಿಗೆ ಜಾಗವೇ ಇಲ್ಲ. ಬ್ಯಾಂಕಿನವರು ಸಾಲದ ಕಂತು ಮುಂದೂಡುವ ಅರ್ಜಿಯಲ್ಲಿ ‘ಫೈನಾನ್ಶಿಯಲ್ ಹಾರ್ಡ್‌ಶಿಪ್’ ಎಂದು ಬರೆಯುವುದೂ ಇದೇ ಅರ್ಥದಲ್ಲಿ. ಅವರಿಗೆ ನಿಮ್ಮ ಕಣ್ಣೀರು ಬೇಕಿಲ್ಲ, ಸಂಬಳದ ಚೀಟಿ ಬೇಕು. ಹಾಗಾಗಿ ತಂದೆಯನ್ನು ಕಳೆದುಕೊಂಡವರಿಗೆ ‘ಯುವರ್ ಹಾರ್ಡ್‌ಶಿಪ್’ ಎಂದು ಬರೆದಾಗ, ಅವರ ಮನೆಯಲ್ಲಿ ದುಡ್ಡಿನ ಮುಗ್ಗಟ್ಟು ಬಂದಿದೆ ಎಂದು ನೀವು ಭಾವಿಸಿದಂತೆ ಅವರಿಗೆ ಕೇಳಿಸಿರಬೇಕು. ಪದದ ತುದಿಯಲ್ಲಿರುವ ‘ಶಿಪ್’ ಹಡಗಲ್ಲ, ಫ್ರೆಂಡ್‌ಶಿಪ್‌ನಲ್ಲಿರುವ ಪ್ರತ್ಯಯವೇ ಅದು. ಇದನ್ನು ಹೇಳಬೇಕಾಗಿರಲಿಲ್ಲವೇನೋ, ಆದರೆ ‘ಕಠಿಣ ನೌಕೆ’ ಎಂದು ಅನುವಾದಿಸಿದ ವಿದ್ಯಾರ್ಥಿಯೊಬ್ಬ ನನಗೆ ಸಿಕ್ಕಿದ್ದ.

ಈ ಹೊರಗಿನ ಗಂಟಿಗೆ ಸೇರಿದ ಇನ್ನೆರಡು ಪದಗಳನ್ನು ಇಷ್ಟಪಟ್ಟು ನೋಡಬೇಕು. ಆರ್ಡೀಲ್ ಎಂಬುದು ಮೂಲತಃ ‘ತೀರ್ಪು’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ. ಮಧ್ಯಯುಗದ ಯೂರೋಪಿನಲ್ಲಿ ಆರೋಪಿಯ ಕೈಗೆ ಕಾಯಿಸಿದ ಕಬ್ಬಿಣ ಕೊಟ್ಟೋ ಅವನನ್ನು ನೀರಿಗೆ ಇಳಿಸಿಯೋ ದೇವರ ತೀರ್ಪು ಕೇಳುವ ಪದ್ಧತಿಯಿತ್ತು. 1215ರಲ್ಲಿ ರೋಮಿನ ಧರ್ಮಸಭೆಯೊಂದು ಪಾದ್ರಿಗಳು ಅದರಲ್ಲಿ ಭಾಗವಹಿಸುವುದನ್ನು ನಿಷೇಧಿಸಿತು. ನಮ್ಮಲ್ಲಿ ಇದಕ್ಕೆ ‘ದಿವ್ಯ’ ಎಂಬ ಹೆಸರೇ ಇತ್ತು, ಇಂದಿಗೂ ಅಗ್ನಿಪರೀಕ್ಷೆ ಎನ್ನುತ್ತೇವೆ. ಆದ್ದರಿಂದ ಆರ್ಡೀಲ್‌ಗೆ ಒಂದು ಆರಂಭ, ಒಂದು ಕೊನೆ ಇರುತ್ತದೆ, ಅದನ್ನು ದಾಟಿ ಹೊರಬರಬೇಕಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಹದಿನಾಲ್ಕು ಗಂಟೆ ಸಿಕ್ಕಿಹಾಕಿಕೊಂಡದ್ದು ಆರ್ಡೀಲ್ ಆಗಬಹುದು, ಹದಿನಾಲ್ಕು ವರ್ಷದ ಬಡತನ ಆಗಲಾರದು. ಇನ್ನೊಂದು ಪದ ಟ್ರಿಬ್ಯುಲೇಶನ್. ಅದರ ಹಿಂದಿರುವುದು ಲ್ಯಾಟಿನಿನ ‘ಟ್ರಿಬ್ಯುಲಮ್’, ಅಂದರೆ ಅಡಿಯಲ್ಲಿ ಚೂಪುಗಲ್ಲು ಕೂರಿಸಿ ತೆನೆಯ ಮೇಲೆ ಎಳೆಯುತ್ತಿದ್ದ ಒಕ್ಕಣೆಯ ಹಲಗೆ. ಕಣದಲ್ಲಿ ರೋಣಗಲ್ಲು ಉರುಳುವುದನ್ನು ನೋಡಿದವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಅದು ಧರ್ಮಗ್ರಂಥದ ಭಾಷೆಯಲ್ಲಿ ಮತ್ತು ‘ಟ್ರಯಲ್ಸ್ ಆ್ಯಂಡ್ ಟ್ರಿಬ್ಯುಲೇಶನ್ಸ್’ ಎಂಬ ಜೋಡಿನುಡಿಯಲ್ಲಿ ಮಾತ್ರ ಉಸಿರಾಡುತ್ತಿದೆ. ಪತ್ರದಲ್ಲಿ ಬರೆಯಬೇಡಿ, ತುಸು ನಾಟಕೀಯವಾಗಿ ಕೇಳಿಸುತ್ತದೆ.

ಇನ್ನು ಸಾವಿನ ಸುತ್ತಣ ಪದಗಳು. ನಾವು ‘ದುಃಖದಲ್ಲಿದ್ದಾರೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದನ್ನು ಇಂಗ್ಲಿಷ್ ಮೂರಾಗಿ ಸೀಳುತ್ತದೆ. ಹತ್ತಿರದವರನ್ನು ಕಳೆದುಕೊಂಡಿರುವ ಸ್ಥಿತಿ ಬಿರೀವ್‌ಮೆಂಟ್, ಅದರಿಂದ ಒಳಗೆ ಹುಟ್ಟುವ ದುಃಖ ಗ್ರೀಫ್, ಅದನ್ನು ಹೊರಗೆ ಆಚರಿಸುವ ಬಗೆ ಮೋರ್ನಿಂಗ್. ನಮ್ಮ ಸೂತಕ, ಹದಿಮೂರು ದಿನ, ವರ್ಷದೊಳಗೆ ಹಬ್ಬವಿಲ್ಲ ಎಂಬ ನಿಯಮ ಎಲ್ಲವೂ ಮೋರ್ನಿಂಗ್‌ಗೆ ಸೇರುತ್ತವೆ. ಅತ್ತು ಹಗುರಾಗದವನಿಗೂ ಸೂತಕ ಇದ್ದೇ ಇರುತ್ತದೆ, ಸೂತಕ ಕಳೆದವನಿಗೂ ಗ್ರೀಫ್ ಕಳೆದಿರುವುದಿಲ್ಲ. ಬಿರೀವ್ ಎಂಬ ಕ್ರಿಯಾಪದದ ಹಳೆಯ ಅರ್ಥ ‘ಸುಲಿಗೆ ಮಾಡು’ ಎಂದು. ಬಿರೀವ್ಡ್ ಎಂದರೆ ದೋಚಲ್ಪಟ್ಟವರು. ನೀವಿರುವ ದೇಶದಲ್ಲಿ ಇದು ಕಾನೂನಿನ ಪದವೂ ಹೌದು: 2020ರ ಏಪ್ರಿಲ್‌ನಿಂದ ಅಲ್ಲಿ ಹದಿನೆಂಟು ವರ್ಷದೊಳಗಿನ ಮಗುವನ್ನು ಕಳೆದುಕೊಂಡ ಉದ್ಯೋಗಿಗಳಿಗೆ ಎರಡು ವಾರಗಳ ಪೇರೆಂಟಲ್ ಬಿರೀವ್‌ಮೆಂಟ್ ರಜೆ ಇದೆ. ಆ ರಜೆಯನ್ನು ಗ್ರೀಫ್ ರಜೆ ಎಂದು ಕರೆಯದಿರುವುದರಲ್ಲಿ ಅರ್ಥವಿದೆ, ಕಾನೂನು ಅಳೆಯಬಲ್ಲದ್ದು ನಷ್ಟವನ್ನೇ ಹೊರತು ದುಃಖವನ್ನಲ್ಲ.

ಗ್ರೀಫ್‌ನ ಮೂಲ ಲ್ಯಾಟಿನಿನ ‘ಗ್ರಾವಿಸ್’, ಭಾರವಾದದ್ದು. ಸಂಸ್ಕೃತದಿಂದ ನಮಗೆ ಬಂದಿರುವ ‘ಗುರು’ ಎಂಬ ಪದ, ಲಘು ಗುರು ಎನ್ನುವಲ್ಲಿರುವ ಭಾರದ ಅರ್ಥದ ಗುರು, ಅದೇ ಮನೆತನದ್ದು. ಸಾರೋ ಬೇರೆ ಬಳ್ಳಿಯ ಹೂವು. ಜರ್ಮನ್ ಭಾಷೆಯಲ್ಲಿ ಅದರ ತಂಗಿ ‘ಜೋರ್ಗೆ’ ಎಂದರೆ ಇಂದಿಗೂ ಚಿಂತೆ, ಕಾಳಜಿ. ಗ್ರೀಫ್‌ಗೆ ಸಾಮಾನ್ಯವಾಗಿ ಒಂದು ನಷ್ಟ ಇರಬೇಕು, ಅದು ತಾಜಾ ಇದ್ದಾಗ ಮನುಷ್ಯನನ್ನು ಕೆಡವುತ್ತದೆ. ಸಾರೋ ನಿಧಾನದ್ದು, ಹಳೆಯದಾಗುತ್ತ ಹೋಗುವಂಥದು, ಅದರಲ್ಲಿ ಸ್ವಲ್ಪ ಗಾಂಭೀರ್ಯವೂ ಇದೆ. ಮಗ ತೀರಿಹೋದ ವಾರ ತಾಯಿಗೆ ಗ್ರೀಫ್, ಇಪ್ಪತ್ತು ವರ್ಷದ ನಂತರ ಅವನ ಓರಗೆಯವನ ಮದುವೆ ಕರೆಯೋಲೆ ಕೈಗೆ ಬಂದಾಗ ಆಕೆಯ ಕಣ್ಣಲ್ಲಿ ತುಂಬಿಕೊಳ್ಳುವುದು ಸಾರೋ. ನೋಡಲು ಅಕ್ಕತಂಗಿಯರಂತಿದ್ದರೂ ಸಾರೋ ಮತ್ತು ಸಾರಿ ಒಂದೇ ಮೂಲದ ಪದಗಳಲ್ಲ. ಸಾರಿ ಎಂಬುದು ಹುಣ್ಣು, ಗಾಯ ಎಂಬ ಅರ್ಥದ ‘ಸೋರ್’ನಿಂದ ಬಂದದ್ದು. ‘ನಿಮಗಾದುದಕ್ಕೆ ನನಗೆ ನೋವಾಗಿದೆ’ ಎಂಬುದು ಅದರ ಮೊದಲ ಅರ್ಥ, ‘ಕ್ಷಮಿಸಿ’ ಎಂಬುದು ಆಮೇಲೆ ಬೆಳೆದದ್ದು. ನಮ್ಮಲ್ಲಿ ಕಾಲು ತುಳಿದಾಗ ಹೇಳುವ ‘ಸಾರಿ’ ಮಾತ್ರ ನೆಲೆಸಿರುವುದರಿಂದ ಸಾವಿನ ಮನೆಯಲ್ಲಿ ‘ಐ ಆ್ಯಮ್ ಸಾರಿ’ ಎನ್ನಲು ನಾವು ಹಿಂಜರಿಯುತ್ತೇವೆ, ನಾನೇನು ತಪ್ಪು ಮಾಡಿದೆ ಎಂದುಕೊಳ್ಳುತ್ತೇವೆ. ಅಲ್ಲಿ ಹೇಳಬೇಕಾದ ಪದ ಮಾತ್ರ ಅದೇ.

ಸ್ಯಾಡ್‌ನ ಕಥೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ಹೊಟ್ಟೆ ತುಂಬಿದ, ತೃಪ್ತ’ ಎಂದಿತ್ತು. ಸ್ಯಾಟಿಸ್‌ಫ್ಯಾಕ್ಶನ್ ಅದರ ದೂರದ ನೆಂಟ. ತುಂಬಿದ್ದು ಭಾರವಾಯಿತು, ಭಾರವಾದದ್ದು ಬೇಸರವಾಯಿತು, ಕೊನೆಗೆ ದುಃಖವಾಯಿತು. ಇದು ಅಸಂಗತವೆನ್ನಿಸಿದರೆ ನಮ್ಮ ‘ಸಾಕು’ ಎಂಬ ಮಾತನ್ನು ನೆನೆಯಿರಿ. ಊಟಕ್ಕೆ ಕೂತವರು ‘ಸಾಕು ಸಾಕು’ ಎಂದಾಗ ಅದು ತೃಪ್ತಿ, ‘ನನಗಂತೂ ಸಾಕಾಗಿ ಹೋಗಿದೆ’ ಎಂದಾಗ ಅದು ಬೇಸತ್ತ ಜೀವದ ನಿಟ್ಟುಸಿರು.

ಈಗ ನಿಮ್ಮ ಅತ್ತೆಯವರ ಸಂಕಟಕ್ಕೆ ಬರೋಣ. ‘ಸಂಕಟ’ ಸಂಸ್ಕೃತದಲ್ಲಿ ಇಕ್ಕಟ್ಟಾದ ದಾರಿ. ಕನ್ನಡದ ‘ಇಕ್ಕಟ್ಟು’ ಕೂಡ ಜಾಗದ ಕೊರತೆಯನ್ನೂ ಬದುಕಿನ ಪೇಚನ್ನೂ ಒಟ್ಟಿಗೆ ಹೇಳುತ್ತದೆ. ಅಚ್ಚರಿಯೆಂದರೆ ಇಂಗ್ಲಿಷಿನ ಆ್ಯಂಗ್ವಿಶ್ ಸಹ ಹಾಗೆಯೇ ಹುಟ್ಟಿದೆ: ಲ್ಯಾಟಿನಿನ ‘ಅಂಗುಸ್ತಿಯ’ ಎಂದರೆ ಇಕ್ಕಟ್ಟು, ಕಿರಿದಾದ ಜಾಗ. ಆ್ಯಂಗ್ಸೈಟಿಯೂ ಜರ್ಮನರ ಆಂಗ್ಸ್ಟ್ ಕೂಡ ಅದೇ ಕುಲದವು, ಕತ್ತು ಹಿಸುಕು ಎಂಬ ಭಾವ ಅವುಗಳ ಬುಡದಲ್ಲಿದೆ. ವೇದದ ಸಂಸ್ಕೃತದಲ್ಲಿ ಬರುವ ‘ಅಂಹಸ್’ ಎಂಬ ಕಷ್ಟವಾಚಕ ಪದವೂ ಇದೇ ಬೇರಿನಿಂದ ಚಿಗುರಿದ್ದು. ಹಾಗೆಂದು ಸಂಕಟ ಬಂದಲ್ಲೆಲ್ಲ ಆ್ಯಂಗ್ವಿಶ್ ಎನ್ನುವಂತಿಲ್ಲ. ಹಳೆಯ ಮೈಸೂರಿನ ಆಡುಮಾತಿನಲ್ಲಿ ‘ಸಂಕಟ ಆಗ್ತಿದೆ’ ಎಂದರೆ ಬಹಳ ಸಲ ಹೊಟ್ಟೆ ತೊಳೆಸುತ್ತಿದೆ, ವಾಂತಿ ಬರುವಂತಿದೆ ಎಂದಷ್ಟೇ ಅರ್ಥ. ನಿಮ್ಮ ವೈದ್ಯರಾದರೋ ಡಿಸ್ಟ್ರೆಸ್ ಎಂದಾಕ್ಷಣ ಮನಸ್ಸಿನ ಬಾಧೆ ಎಂದುಕೊಂಡರು, ಅದು ಅವರ ತಪ್ಪಲ್ಲ.

ಇಂಥ ಸಂದರ್ಭದಲ್ಲಿ ಅನುವಾದಕ್ಕೆ ಮೊದಲು ಕನ್ನಡದಲ್ಲಿಯೇ ಮತ್ತೊಂದು ಪ್ರಶ್ನೆ ಕೇಳಬೇಕು: ‘ಅತ್ತೆ, ವಾಂತಿ ಬರೋ ಹಾಗಿದೆಯಾ, ಎದೆ ಹಿಡಿದ ಹಾಗಿದೆಯಾ, ಇಲ್ಲಾ ಮನಸ್ಸಿಗೆ ಒಂಥರಾ ಆಗ್ತಿದೆಯಾ?’ ಮೊದಲನೆಯದಾದರೆ ಇಂಗ್ಲೆಂಡಿನಲ್ಲಿ ‘ಶಿ ಫೀಲ್ಸ್ ಸಿಕ್’ ಎಂದರೆ ಸಾಕು. ನಮ್ಮಲ್ಲಿ ಸಿಕ್ ಎಂದರೆ ಕಾಯಿಲೆ, ಅಲ್ಲಿ ಫೀಲಿಂಗ್ ಸಿಕ್ ಎಂದರೆ ಓಕರಿಕೆ. ಎರಡನೆಯದಾದರೆ ‘ಟೈಟ್‌ನೆಸ್ ಇನ್ ದ ಚೆಸ್ಟ್’ ಎಂದು ತಡವಿಲ್ಲದೆ ಹೇಳಬೇಕು. ವಯಸ್ಸಾದ ಹೆಂಗಸರಲ್ಲಿ ಹೃದಯಾಘಾತ ಕೆಲವೊಮ್ಮೆ ಎದೆನೋವೇ ಇಲ್ಲದೆ ಓಕರಿಕೆ, ಉಸಿರುಗಟ್ಟುವಿಕೆ, ವಿಪರೀತ ಸುಸ್ತಿನ ರೂಪದಲ್ಲಿ ಬರುವುದುಂಟಾದ್ದರಿಂದ, ಮೂರೂ ಇವೆ ಎಂದರೆ ಮೂರನ್ನೂ ಹೇಳಿ, ನೀವಾಗಿ ಒಂದನ್ನು ಆರಿಸಬೇಡಿ. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ರೋಗಿಗೆ ಖರ್ಚಿಲ್ಲದೆ ದುಭಾಷಿಯನ್ನು ಕೇಳಿ ಪಡೆಯಲು ಅವಕಾಶವಿದೆ. ಸೊಸೆಯ ಮುಂದೆ ಹೇಳಲಾಗದ ಸಂಕಟಗಳೂ ಇರುತ್ತವಷ್ಟೆ.

ಡಿಸ್ಟ್ರೆಸ್‌ನ ಮೂಲ ಭಾವ ಹಿಗ್ಗಿಸಿ ಎಳೆಯುವುದು, ಬಿಗಿಯುವುದು. ಸ್ಟ್ರೆಸ್ ಎಂಬುದು ಬಹುಮಟ್ಟಿಗೆ ಅದರ ತಲೆ ಕತ್ತರಿಸಿದ ರೂಪ. ಕೂಡಲೇ ಯಾರಾದರೂ ನೆರವಿಗೆ ಬರಬೇಕು ಎಂಬ ಸೂಚನೆ ಈ ಪದದಲ್ಲಿದೆ. ಮುಳುಗುವ ಹಡಗು ಕಳಿಸುವುದು ಡಿಸ್ಟ್ರೆಸ್ ಸಿಗ್ನಲ್, ಸಾಲಗಾರನ ಕಾಟ ತಾಳದೆ ಬಂದ ಬೆಲೆಗೆ ಜಮೀನು ಮಾರುವುದು ಡಿಸ್ಟ್ರೆಸ್ ಸೇಲ್, ಬರಗಾಲದಲ್ಲಿ ರಾಯಚೂರು, ಕಲಬುರಗಿ ಕಡೆಯ ಜನ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುವುದನ್ನು ವರದಿಗಳು ಡಿಸ್ಟ್ರೆಸ್ ಮೈಗ್ರೇಶನ್ ಎನ್ನುತ್ತವೆ. ನನಗೆ ಕೇಳಿದರೆ ‘ಗುಳೆ’ ಎಂಬ ಎರಡಕ್ಷರದ ಮುಂದೆ ಆ ಎರಡು ಪದಗಳೂ ಸಪ್ಪೆ.

ಇಂಗ್ಲಿಷಿನ ಚಿತ್ರಗಳು ಭಾರ ಮತ್ತು ಇಕ್ಕಟ್ಟಿನವಾದರೆ ನಮ್ಮ ಮುಖ್ಯ ಚಿತ್ರ ಬೆಂಕಿಯದು. ಶೋಕದ ಧಾತುವಿನಲ್ಲಿಯೇ ಉರಿಯುವ ಅರ್ಥವಿದೆ. ಸಂತಾಪ, ಪರಿತಾಪ, ಪಶ್ಚಾತ್ತಾಪ ಎಲ್ಲದರಲ್ಲೂ ಇರುವುದು ತಾಪ. ಆಡುಮಾತಿಗೆ ಬಂದರೆ ಒಡಲುರಿ, ಬೇಗುದಿ, ನೊಂದು ಬೆಂದವರು. ಇಲ್ಲಿಯೇ ಅನುವಾದ ಹೆಚ್ಚು ಎಡವುವುದು. ಹಲವು ವರ್ಷಗಳ ಹಿಂದೆ ಅಪಘಾತ ಪರಿಹಾರದ ಪ್ರಕರಣವೊಂದರ ಕಾಗದಗಳನ್ನು ತಿದ್ದಲು ನನ್ನ ಬಳಿ ತಂದಿದ್ದರು. ಮಗನನ್ನು ಕಳೆದುಕೊಂಡ ತಾಯಿ ‘ಆವತ್ತಿನಿಂದ ನನ್ನ ಹೊಟ್ಟೆ ಉರಿದುಹೋಗೈತೆ’ ಎಂದಿದ್ದರು. ಬೆರಳಚ್ಚಾಗಿದ್ದ ಇಂಗ್ಲಿಷ್ ಪ್ರತಿಯಲ್ಲಿ ‘ಸಿನ್ಸ್ ದಟ್ ಡೇ ಶಿ ಹ್ಯಾಸ್ ಬರ್ನಿಂಗ್ ಸೆನ್ಸೇಶನ್ ಇನ್ ದ ಸ್ಟಮಕ್’ ಎಂದಿತ್ತು, ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ವೈದ್ಯಕೀಯ ದಾಖಲೆ ಲಗತ್ತಿಸಿಲ್ಲ ಎಂದು ಗುರುತು ಮಾಡಿದ್ದರು. ನಾನು ಅದನ್ನು ಹೊಡೆದು ‘ಶಿ ಹ್ಯಾಸ್ ಲಿವ್ಡ್ ಇನ್ ಆ್ಯಂಗ್ವಿಶ್’ ಎಂದು ಬರೆದೆ. ಅರ್ಥ ಉಳಿಯಿತು, ಉರಿ ಆರಿತು. ಅದಕ್ಕಿಂತ ಒಳ್ಳೆಯದು ನನಗೆ ಇಂದಿಗೂ ಹೊಳೆದಿಲ್ಲ. ಅದೇ ಹೊಟ್ಟೆಯುರಿ ಪಕ್ಕದ ಮನೆಯವರ ಹೊಸ ಕಾರಿನ ಮುಂದೆ ಬಂದರೆ ಅಸೂಯೆಯಾಗುತ್ತದೆ ಎಂಬುದನ್ನು ಯಾವ ಯಂತ್ರಕ್ಕೆ ಕಲಿಸುವುದು?

ಆ್ಯಗೊನಿಯ ವಿಷಯದಲ್ಲಿ ಭಾರತದ ಇಂಗ್ಲಿಷು ಕೈ ಬಿಚ್ಚಿ ಖರ್ಚು ಮಾಡುತ್ತದೆ. ಕೆಟ್ಟ ಮಿಕ್ಸಿ ಕೊಟ್ಟ ಅಂಗಡಿಯ ವಿರುದ್ಧ ಗ್ರಾಹಕರ ಆಯೋಗಕ್ಕೆ ಸಲ್ಲಿಸುವ ದೂರಿನಲ್ಲೂ ‘ಮೆಂಟಲ್ ಆ್ಯಗೊನಿ’ಗೆ ಪರಿಹಾರ ಕೇಳುವುದು ನಮ್ಮಲ್ಲಿ ವಾಡಿಕೆ. ಗ್ರೀಕರಲ್ಲಿ ‘ಅಗೋನ್’ ಎಂದರೆ ಸ್ಪರ್ಧೆ, ಸೆಣಸಾಟ. ಪ್ರಾಣ ಸೆಣಸುವಷ್ಟು ನೋವಿಗೆ ಆ್ಯಗೊನಿ ಎಂಬ ಹೆಸರು ಬಂತು. ಇಂಗ್ಲೆಂಡಿನಲ್ಲಿ ಅದನ್ನು ಹಲ್ಲುನೋವಿಗೂ ಪ್ರಸವವೇದನೆಗೂ ಬಳಸುತ್ತಾರೆ, ಮಿಕ್ಸಿಗೆ ಬಳಸಿದರೆ ನಗುತ್ತಾರೆ. ತದ್ವಿರುದ್ಧವಾಗಿ ಮಿಸರಿಯ ಮಗಳಾದ ಮಿಸರಬಲ್ ಅಲ್ಲಿ ಬಹಳ ಅಗ್ಗ, ಜಿನುಗುಮಳೆಯ ದಿನವೂ ಮಿಸರಬಲ್. ಜಿಪುಣನಿಗೆ ಇಂಗ್ಲಿಷಿನಲ್ಲಿ ಮೈಸರ್ ಎನ್ನುವುದೂ ಅದೇ ಲ್ಯಾಟಿನ್ ಪದದಿಂದ, ‘ಅಯ್ಯೋ ಪಾಪ’ ಎನ್ನಿಸುವವನು ಎಂಬ ಅರ್ಥದಲ್ಲಿ.

ಡಿಪ್ರೆಶನ್ ಮತ್ತು ಟ್ರಾಮಾ ಎರಡನ್ನೂ ಎಚ್ಚರದಿಂದ ಬಳಸಿ. ಕನ್ನಡ ಪತ್ರಿಕೆಗಳು ಈ ವಿಷಯದಲ್ಲಿ ಇಂಗ್ಲಿಷಿಗಿಂತ ಅಚ್ಚುಕಟ್ಟಾಗಿವೆ: ಬಂಗಾಳ ಕೊಲ್ಲಿಯಲ್ಲಿ ಆದರೆ ವಾಯುಭಾರ ಕುಸಿತ, ಮಾರುಕಟ್ಟೆಯಲ್ಲಿ ಆದರೆ ಆರ್ಥಿಕ ಕುಸಿತ, ಮನಸ್ಸಿಗೆ ಆದರೆ ಖಿನ್ನತೆ, ಇಂಗ್ಲಿಷಿನಲ್ಲಿ ಮೂರಕ್ಕೂ ಕೆಳಗೆ ಒತ್ತುವ ಅರ್ಥದ ಒಂದೇ ಡಿಪ್ರೆಶನ್. ಸಿನಿಮಾ ಟಿಕೆಟ್ ಸಿಗದಿದ್ದಕ್ಕೆ ‘ಐ ಆ್ಯಮ್ ಡಿಪ್ರೆಸ್ಡ್’ ಎನ್ನುವುದು ಗೆಳೆಯರ ನಡುವೆ ನಡೆದೀತು. ವೈದ್ಯರ ಮುಂದೆ ಆ ಪದಕ್ಕೆ ಅಳತೆಯಿದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಪ್ರಕಾರ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಎರಡು ವಾರಗಳ ಕಾಲ ಇರಬೇಕು. ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಈ ಎರಡರಲ್ಲಿ ಒಂದಾದರೂ ಅವುಗಳಲ್ಲಿ ಸೇರಿರಬೇಕು. ಗ್ರೀಫ್ ಕಾಯಿಲೆಯಲ್ಲ, ಅದು ಪ್ರೀತಿಯ ಬಾಕಿ ಲೆಕ್ಕ. ಆದರೂ ಅದು ವರ್ಷ ಕಳೆದ ಮೇಲೂ ದಿನದ ಬದುಕನ್ನೇ ನಿಲ್ಲಿಸಿಬಿಟ್ಟಿದ್ದರೆ ಅದಕ್ಕೆ ‘ಪ್ರೊಲಾಂಗ್ಡ್ ಗ್ರೀಫ್ ಡಿಸಾರ್ಡರ್’ ಎಂಬ ಹೆಸರನ್ನು ಅದೇ ಕೈಪಿಡಿಯ 2022ರ ಪರಿಷ್ಕರಣೆ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆ ಗಡುವು ಆರು ತಿಂಗಳು. ಊರಿನಲ್ಲಿರುವ ನಿಮ್ಮವರಿಗೆ ಕನ್ನಡದಲ್ಲಿಯೇ ಇಂಥ ವಿಷಯ ಮಾತಾಡಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಟ್ರಾಮಾ ಗ್ರೀಕಿನಲ್ಲಿ ಗಾಯ. ಬೆಂಗಳೂರಿನ ಆಸ್ಪತ್ರೆಗಳ ಟ್ರಾಮಾ ಸೆಂಟರ್ ಬೋರ್ಡು ಮುರಿದ ಕೈಕಾಲಿಗೆ, ಮನಶ್ಶಾಸ್ತ್ರಜ್ಞರ ಟ್ರಾಮಾ ಮನಸ್ಸಿನ ಗಾಯಕ್ಕೆ. ಕೇಳುವವರು ಯಾರೆಂದು ನೋಡಿಕೊಂಡು ಆಡಬೇಕು.

ನಮ್ಮ ದಿನಬಳಕೆಯ ಇನ್ನೊಂದು ಪದ ಬಲು ತೊಡಕಿನದು, ಬೇಜಾರು. ಪಾರಸಿಯಿಂದ ಬಂದ ಈ ಪದಕ್ಕೆ ಹೊತ್ತು ಹೋಗದ ಬೇಸರ, ಗೆಳತಿಯ ಮಾತಿನಿಂದಾದ ನೋವು, ಸಾವಿನ ಸುದ್ದಿಗೆ ಬಂದ ದುಃಖ ಮೂರೂ ಸೇರುತ್ತವೆ. ಮೊದಲನೆಯದು ಬೋರ್ಡ್, ಎರಡನೆಯದು ಹರ್ಟ್ ಅಥವಾ ಅಪ್ಸೆಟ್, ಮೂರನೆಯದು ಸ್ಯಾಡ್. ‘ತುಂಬಾ ಫೀಲ್ ಮಾಡ್ಕೊಂಡ್ರು’ ಎಂಬ ನಮ್ಮ ಬೆರಕೆ ಮಾತನ್ನು ಹಾಗೆಯೇ ಇಂಗ್ಲಿಷಿಗೆ ಒಯ್ದರೆ ಏನನ್ನು ಫೀಲ್ ಮಾಡಿದರು ಎಂದು ಎದುರಿನವರು ಕಾಯುತ್ತ ನಿಲ್ಲುತ್ತಾರೆ. ಇದರ ಹಿಂದೆ ವ್ಯಾಕರಣವೂ ಇದೆ. ಕನ್ನಡದಲ್ಲಿ ದುಃಖ ‘ನನಗೆ’ ಆಗುತ್ತದೆ, ಹೊರಗಿನಿಂದ ಬಂದು ತಟ್ಟುವ ಅತಿಥಿ ಅದು. ಇಂಗ್ಲಿಷಿನಲ್ಲಿ ‘ನಾನೇ’ ಸ್ಯಾಡ್ ಆಗಬೇಕು. ಶಾಲೆಯ ರಜಾ ಅರ್ಜಿಯಿಂದ ನಾವೆಲ್ಲ ಕಲಿತ ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಎಂಬ ವಾಕ್ಯವನ್ನೂ ಅಲ್ಲಿ ಬಿಟ್ಟುಬಿಡಿ. ಮೂರು ದಿನದ ಜ್ವರಕ್ಕೆ ಸಫರಿಂಗ್ ಎಂಬುದು ಅವರ ಕಿವಿಗೆ ದೊಡ್ಡ ಮಾತು, ‘ಐ ಹ್ಯಾವ್ ಎ ಫೀವರ್’ ಎಂದರೆ ಮುಗಿಯಿತು.

ನಿಮ್ಮ ಸಹೋದ್ಯೋಗಿಗೆ ಈಗಲೂ ಬರೆಯಬಹುದು, ತಡವಾಗಿದೆ ಎಂದುಕೊಳ್ಳಬೇಡಿ. ಅಲ್ಲಿನವರು ತಿಂಗಳ ನಂತರ ಬಂದ ಪತ್ರವನ್ನೂ ಮೆಚ್ಚುತ್ತಾರೆ. ‘ಐ ವಾಸ್ ಸೋ ಸಾರಿ ಟು ಹಿಯರ್ ಅಬೌಟ್ ಯುವರ್ ಫಾದರ್’ ಎಂಬ ಒಂದು ಸಾಲು. ತಂದೆಯ ಬಗ್ಗೆ ಅವರು ಎಂದಾದರೂ ನಿಮಗೆ ಹೇಳಿದ್ದ ಯಾವುದಾದರೂ ಚಿಕ್ಕ ಸಂಗತಿ, ಅವರ ತೋಟದ್ದೋ ಅವರು ಮಾಡುತ್ತಿದ್ದ ಅಡುಗೆಯದೋ, ಎರಡನೆಯ ಸಾಲು. ಗ್ರೀಫ್, ಸಾರೋ ಯಾವುದನ್ನೂ ಹೆಸರಿಸುವ ಅಗತ್ಯವಿಲ್ಲ, ‘ಡೀಪೆಸ್ಟ್ ಕಂಡೋಲೆನ್ಸಸ್’ ಎಂಬುದನ್ನು ಕಚೇರಿಯ ಹೂಗುಚ್ಛದ ಚೀಟಿಗೆ ಬಿಡಿ. ಕೊನೆಯಲ್ಲಿ ನಿಮ್ಮ ಹೆಸರನ್ನಷ್ಟೇ ಬರೆಯಿರಿ.